ಜೀರ್ಣವಸ್ತ್ರ ವಿಚಾರ

ಭಗವದ್ಗೀತೆಯ ಎರಡನೆಯ ಅಧ್ಯಾಯದಲ್ಲಿ ದೇಹಾಂತರಪ್ರಾಪ್ತಿಗೆ ಕೊಟ್ಟಿರುವ ಹಳೆಯ ಬಟ್ಟೆಯ ಉಪಮಾನವು ಸರ್ವವಿದಿತವಾದುದು. ಉಪಮೇಯದಲ್ಲಿ ವಿವಾದವಿಲ್ಲ. ಉಪಮಾನವನ್ನು ನೋಡಿದರೆ ಮಾತ್ರ ಒಂದು ಪ್ರಶ್ನೆಯೇಳುವುದು: ಬಟ್ಟೆಯು ಜೀರ್ಣವಾಯಿತೆಂದು ನಿರ್ಣಯಿಸತಕ್ಕವರು ಯಾರು? ಉಟ್ಟವರೋ, ಸೂಜಿ ಹಿಡಿದವರೋ?

ಹಾಸನ ಸೀಮೆಯ ಶೆಟ್ಟಿಹಳ್ಳಿಯಂತಹ ಗ್ರಾಮಗಳ ಹಿಂದಿನ ಗೃಹಕೃತ್ಯದಲ್ಲಿ, ಅಂಚು ಹರಿದ ಸೀರೆಯು ಸೀರೆಯಾಗಿ ಮುಗಿಯುತ್ತಿತ್ತೇ ಹೊರತು ಬಟ್ಟೆಯಾಗಿ ಮುಗಿಯುತ್ತಿರಲಿಲ್ಲ. ಗಟ್ಟಿ ಭಾಗವು ಹುಡುಗಿಯ ಲಂಗ. ಸವೆದುದು ತೊಟ್ಟಿಲ ಹಾಸು. ಚೂರುಗಳು ಪದರಪದರವಾಗಿ ಕೂಡಿ ಕೌದಿ. ಕಟ್ಟಕಡೆಯ ಎಳೆ ಬುಡ್ಡಿದೀಪದ ಬತ್ತಿ. ಹುಟ್ಟಿದ ಮಗುವಿಗೆ ಅಜ್ಜಿಯ ಹಳೆಯ ಸೀರೆಯ ತುಂಡನ್ನು ಹೊದಿಸುವುದು ಬಡತನದ ಗುರುತಲ್ಲ. ಉಳ್ಳವರ ಮನೆಯಲ್ಲಿಯೂ ಹಾಗೆಯೇ. ಹೊಸ ಬಟ್ಟೆಯ ಗಂಜಿಯು ಎಳೆಯ ಚರ್ಮವನ್ನು ಕೆರೆಯುವುದು. ನೂರು ಸಲ ಒಗೆದ ಅರಿವೆಗೆ ಮಾತ್ರ ಆ ಮಾರ್ದವ. ಎಂದಮೇಲೆ ಶ್ಲೋಕದಲ್ಲಿ ತ್ಯಾಜ್ಯವಾದುದೇ ಇಲ್ಲಿ ದೇಹಿಯ ಪ್ರಥಮ ವಸ್ತ್ರ! ಭಾಷ್ಯಕಾರರಿಗೆ ಇದು ಹೊಳೆಯದಿದ್ದರೆ ಅಚ್ಚರಿಯಿಲ್ಲ; ತೊಟ್ಟಿಲು ಕಟ್ಟುವ ಕೆಲಸ ಅವರಿಗೆ ಬಿದ್ದಿರಲಾರದು.

ಉತ್ತರ ಕನ್ನಡದ ಸಿದ್ದಿ ಸ್ತ್ರೀಯರು ಹಳೆಯ ಬಟ್ಟೆಗಳಿಂದ ಹೊಲಿಯುವ ಕವಂದಿಯ ಮೂಲೆಗಳಿಗೆ ‘ಫುಲ’ವೆಂಬ ಮಡಿಸಿದ ತುಂಡುಗಳನ್ನು ಇಡುವರು, ಅವಿಲ್ಲದ ಕವಂದಿಯು ಬತ್ತಲೆಯೆಂದು ಅವರ ಭಾವನೆ. ಹೊದಿಕೆಗೂ ಮಾನವುಂಟೆಂದಾಯಿತು. ದೂರದ ಐರ್ಲೆಂಡಿನ ಹಳ್ಳಿಗಳಲ್ಲಿ ಹಿಂದೆ ದರ್ಜಿಯೇ ಮನೆಗೆ ಬಂದು, ಮನೆಯವರು ನೂತ ಉಣ್ಣೆಯ ಬಟ್ಟೆಯನ್ನು ಅಲ್ಲಿಯೇ ಕುಳಿತು ಹೊಲಿದುಕೊಡುತ್ತಿದ್ದನು.

ಇದೆಲ್ಲ ವೈರಾಗ್ಯಕ್ಕೆ ವಿರುದ್ಧವಾದ ಲೋಭವೆಂದು ಆಕ್ಷೇಪಿಸಬಹುದು. ಲೋಭಿಯು ತನಗಾಗಿ ಪೆಟ್ಟಿಗೆಯಲ್ಲಿಡುವನು. ಕೌದಿ ಹೊಲಿಯುವವಳು ತನ್ನ ಉಡುಗೆಯನ್ನು ಕತ್ತರಿಸಿ ಮತ್ತೊಬ್ಬರ ಚಳಿಗೆ ಕೊಡುವಳು. ಅದು ಲೋಭವೆಂಬುದು ಒಪ್ಪತಕ್ಕ ಮಾತಲ್ಲ.

ಮತ್ತೊಂದು ಆಕ್ಷೇಪವು ಇದಕ್ಕಿಂತ ಕಠಿನವಾದುದು. ಜೀರ್ಣವಾಗದೆಯೂ ಬಿಡಬೇಕಾಗಿ ಬಂದುದಕ್ಕೆ ಏನು ಹೇಳುವುದು? ಎಳೆಯರೂ ಸಾಯುವರಲ್ಲ! ಪ್ರಾರಬ್ಧವು ತೀರಿದುದೇ ಜೀರ್ಣತ್ವವೆಂದು ಸಮಾಧಾನ ಹೇಳುವುದುಂಟು. ಶೆಟ್ಟಿಹಳ್ಳಿಯ ಮುಂದೆ ನಿಂತು ಈ ಸಮಾಧಾನವನ್ನು ಹೇಳುವುದು ಸುಲಭವಲ್ಲ. ಗೊರೂರಿನಲ್ಲಿ ಹೇಮಾವತಿಗೆ ಕಟ್ಟಿದ ಅಣೆಕಟ್ಟು 1979ರಲ್ಲಿ ಪೂರ್ಣವಾಗಿ, ಹಿನ್ನೀರು ನೆಲವನ್ನು ಆವರಿಸಿತು. ಫ್ರೆಂಚ್ ಪಾದ್ರಿಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಕಟ್ಟಿಸಿದ ರೋಸರಿ ಚರ್ಚು ಮಳೆಗಾಲದಲ್ಲಿ ಅರ್ಧ ಮುಳುಗಿ ಬೇಸಿಗೆಯಲ್ಲಿ ಏಳುವುದು. ಅಲ್ಲಿಂದ ಹೊರಟವರು ಊರು ಹಳತಾಯಿತೆಂದು ಹೊರಟವರಲ್ಲ. ಹೊರೆಯಲ್ಲಿ ಕೌದಿಯೂ ಇದ್ದಿರಬೇಕು.

ಈಗಿನ ಪಾಲಿಯೆಸ್ಟರ್ ಸೀರೆಯಾದರೋ ಎಷ್ಟು ಒಗೆದರೂ ನೂಲಿನಂತೆ ಮೆದುವಾಗದು, ನೀರನ್ನೂ ಹೀರದು, ತೊಟ್ಟಿಲಿಗೆ ಸಲ್ಲದು. ಹರಿಯುವುದಕ್ಕೆ ಮೊದಲೇ ಬಣ್ಣ ಬೇಸರವಾಗಿ, ಪಾತ್ರೆಯವನು ಬೀದಿಯಲ್ಲಿ ಕೂಗಿದಾಗ ಒಂದು ಸ್ಟೀಲು ಡಬ್ಬಿಗೆ ಬದಲಾಗಿ ಹೊರಟುಹೋಗುವುದು.