ಇಂದಿನ ಚಿಂತನೆ: ರಾಕ್ಷಸ ಎಂದು ಕರೆಯುವ ಮುನ್ನ



ಕಳೆದ ಭಾನುವಾರ ಮಗಳ ಜೊತೆ ಕೂತು ಜಪಾನಿನ ಎರಡು ಹಳೆಯ ಗಾಡ್ಜಿಲ್ಲಾ ಸಿನಿಮಾ ನೋಡಿದೆ. ಮೊದಲು ಹಾಕಿದ್ದು 1965ರದ್ದು. ಅದರಲ್ಲಿ ಆ ದೈತ್ಯ ಪ್ರಾಣಿ ಕಾಳಗ ಗೆದ್ದ ಖುಷಿಗೆ ಎಗರಿ ಎಗರಿ ಕುಣಿಯುತ್ತದೆ! ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. "ಅಪ್ಪ, ಜಾತ್ರೇಲಿ ವೇಷ ಹಾಕ್ಕೊಂಡು ಬಂದಂಗಿದೆ" ಎಂದಳು. ನಿಜ. ಸಿನಿಮಾ ದೃಶ್ಯಗಳನ್ನು ಕಂಪ್ಯೂಟರ್‌ನಲ್ಲಿ ಸೃಷ್ಟಿಸದ ಕಾಲ. ಆಟಿಕೆಯಂಥ ಊರು ಕಟ್ಟುತ್ತಿದ್ದರು. ಹರುವೊ ನಕಾಜಿಮಾ ಎಂಬ ನಟ ಭಾರದ ರಬ್ಬರ್ ವೇಷದೊಳಗೆ ಬೆವರುತ್ತಾ ಅದನ್ನು ತುಳಿಯುತ್ತಿದ್ದರು. ಆ ಕೈಕೆಲಸ ಕಣ್ಣಿಗೆ ಕಾಣುವುದರಿಂದಲೇ ಇವು ಇವತ್ತಿಗೂ ಇಷ್ಟವಾಗುತ್ತವೆ.

ಆಮೇಲೆ ಇಶಿರೊ ಹೊಂಡಾ ನಿರ್ದೇಶಿಸಿದ ಮೊದಲ ಚಿತ್ರ ಹಾಕಿದೆ, 1954ರದ್ದು, ಕಪ್ಪು-ಬಿಳುಪು. ಇದರಲ್ಲೂ ರಬ್ಬರ್ ವೇಷವೇ. ಆದರೆ ಹೊತ್ತಿ ಉರಿಯುವ ಟೋಕಿಯೊದಲ್ಲಿ ಒಬ್ಬ ತಾಯಿ ಮಕ್ಕಳನ್ನು ತಬ್ಬಿಕೊಂಡು, ಇನ್ನೇನು ಸತ್ತುಹೋದ ಅಪ್ಪನ ಹತ್ತಿರ ಹೋಗಿಬಿಡುತ್ತೇವೆ ಎಂದು ಸಮಾಧಾನ ಹೇಳುವಾಗ ಮಗಳ ನಗು ನಿಂತಿತು.

ಆಗ ಹಿನ್ನೆಲೆ ಹೇಳಿದೆ. ಹಿರೋಷಿಮಾ, ನಾಗಸಾಕಿ ಸುಟ್ಟು ಬರೀ ಒಂಬತ್ತು ವರ್ಷವಾಗಿತ್ತು. ಅದೇ 1954ರ ಮಾರ್ಚ್ 1ರಂದು ಅಮೆರಿಕ ಬಿಕಿನಿ ದ್ವೀಪದಲ್ಲಿ ಹೈಡ್ರೋಜನ್ ಬಾಂಬ್ ಪರೀಕ್ಷಿಸಿತು. 23 ಜನರಿದ್ದ ಜಪಾನಿನ ಮೀನುಗಾರಿಕೆ ದೋಣಿಯ ಮೇಲೆ ವಿಷದ ಬೂದಿ ಸುರಿಯಿತು. ಸೆಪ್ಟೆಂಬರ್‌ನಲ್ಲಿ ಅವರಲ್ಲೊಬ್ಬರು ತೀರಿಕೊಂಡರು. ನವೆಂಬರ್‌ನಲ್ಲಿ ಈ ಸಿನಿಮಾ ಬಂತು. ಕತೆಯಲ್ಲಿ ಗಾಡ್ಜಿಲ್ಲಾ ಸಮುದ್ರದಾಳದಲ್ಲಿ ತನ್ನ ಪಾಡಿಗೆ ಇದ್ದ ಜೀವಿ. ಬಾಂಬ್ ಪರೀಕ್ಷೆಗಳು ಅದರ ನೆಲೆ ಕೆಡಿಸಿ ಹೊರಗೆ ಅಟ್ಟುತ್ತವೆ. ಊರು ಸುಡುವ ಮೊದಲು ಅದೇ ಸುಟ್ಟುಕೊಂಡಿತ್ತು.

ಕಾರಣವಿಲ್ಲದೆ ಯಾವುದೂ ಹುಟ್ಟುವುದಿಲ್ಲ ಎಂದು ಧಮ್ಮ ಕಲಿಸುತ್ತದೆ. ನಾನದನ್ನು ಪಾಠ ಮಾಡಬಲ್ಲೆ. ಆದರೆ ಕೆಲವು ವರ್ಷಗಳ ಹಿಂದೆ, ಬೆಂಚು ಒದ್ದು ಕೂಗಾಡುತ್ತಿದ್ದ ಒಬ್ಬ ಹುಡುಗನನ್ನು ತರಗತಿಯಲ್ಲೇ "ರಾಕ್ಷಸ" ಎಂದಿದ್ದೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ಮನೆಯಲ್ಲಿ ಏನಾಗಿದೆ ಎಂದು ಕೇಳಲಿಲ್ಲ. ವರ್ಷ ಮುಗಿಯುವ ಮೊದಲೇ ಅವನು ಶಾಲೆ ಬಿಟ್ಟ. ಹೆಸರಿಟ್ಟು ನಗುವವರ ನಡುವೆ ತಲೆ ತಗ್ಗಿಸಿ ಕೂತು ಬೆಳೆದವನು ನಾನು. ನನಗೇ ಅದು ಮರೆತುಹೋಗಿತ್ತು.

ಕಾರಣ ಕೇಳುವುದೆಂದರೆ ತಪ್ಪನ್ನು ಒಪ್ಪಿಕೊಳ್ಳುವುದಲ್ಲ. ಸಿನಿಮಾದಲ್ಲೂ ಗಾಡ್ಜಿಲ್ಲಾವನ್ನು ತಡೆಯಲೇಬೇಕಾಗುತ್ತದೆ. ಜನರ ಜೀವ ಉಳಿಯಬೇಕಲ್ಲ? ಆದರೆ ಅದು ಸತ್ತ ಮೇಲೆ ಮುದುಕ ವಿಜ್ಞಾನಿ ಯಮಾನೆ ಸಂಭ್ರಮಿಸುವುದಿಲ್ಲ. ಪರೀಕ್ಷೆಗಳು ಹೀಗೇ ನಡೆದರೆ ಇಂಥದ್ದೇ ಇನ್ನೊಂದು ಎದ್ದು ಬಂದೀತು ಎಂದು ಎಚ್ಚರಿಸುತ್ತಾನೆ. ಕಾರಣ ಉಳಿದರೆ ರಾಕ್ಷಸನೂ ಉಳಿಯುತ್ತಾನೆ.

ರಬ್ಬರ್ ವೇಷ ನೋಡಿ ನಗೋಣ, ಅದರಲ್ಲೇನೂ ತಪ್ಪಿಲ್ಲ. ಆದರೆ ಇವತ್ತು ಮನೆಯಲ್ಲೋ, ಕೆಲಸದ ಜಾಗದಲ್ಲೋ ಯಾರನ್ನಾದರೂ "ಅವನೊಬ್ಬ ರಾಕ್ಷಸ" ಎನ್ನುವ ಮಾತು ಬಾಯಿಗೆ ಬಂದರೆ ಒಂದು ಕ್ಷಣ ತಡೆದು, ಇವನನ್ನು ಸುಟ್ಟದ್ದು ಯಾವುದು ಎಂದು ಕೇಳಿಕೊಳ್ಳೋಣ. ಆ ಹುಡುಗನ ವಿಷಯದಲ್ಲಿ ನಾನು ಕೇಳದೇ ಹೋದ ಪ್ರಶ್ನೆ ಅದು.

ನಮೋ ಬುದ್ಧಾಯ. ಜೈ ಭೀಮ್. 💙