ಯಾವ ಫೋಟೋ ಹಾಕೋಣ?

ಸಾವಿನ ಮನೆಯಲ್ಲಿ ಮೂರನೆಯ ದಿನವೋ ನಾಲ್ಕನೆಯ ದಿನವೋ ಈ ಮಾತು ಬಂದೇ ಬರುತ್ತದೆ. ಅಡುಗೆಯವರಿಗೆ ಹೇಳಿಯಾಗಿರುತ್ತದೆ, ಪುರೋಹಿತರಿಗೆ ಫೋನ್ ಮಾಡಿಯಾಗಿರುತ್ತದೆ, ಕಾರ್ಡಿನಲ್ಲಿ ಯಾರ ಹೆಸರು ಮೊದಲು ಬರಬೇಕೆಂಬ ಸಣ್ಣ ಜಗಳವೂ ಮುಗಿದಿರುತ್ತದೆ. ಆಗ ಯಾರೋ ಕೇಳುತ್ತಾರೆ: ‘ಒಂದು ಒಳ್ಳೇ ಫೋಟೋ ಇದೆಯಾ?’ ಬೀರು ತೆಗೆದು ಆಲ್ಬಂಗಳನ್ನು ಹೊರಗೆ ಹರವುತ್ತಾರೆ, ಮೊಬೈಲುಗಳು ಕೈಯಿಂದ ಕೈಗೆ ಹೋಗುತ್ತವೆ. ಮನೆಮಂದಿಯ ಫೋನುಗಳಲ್ಲಿ ಸಾವಿರಾರು ಚಿತ್ರಗಳಿವೆ. ದೋಸೆಯದಿದೆ, ನಾಯಿಮರಿಯದಿದೆ, ಮಳೆಗಾಲದ ಜೋಗದ್ದಿದೆ. ಅಮ್ಮನದು ಮಾತ್ರ ಇಲ್ಲ. ಎಲ್ಲರೂ ಫೋಟೋಕ್ಕೆ ನಿಂತಾಗ ಆಕೆ ಒಳಗೆ ಒಗ್ಗರಣೆ ಹಾಕುತ್ತಿದ್ದಳು. ಕರೆದರೆ ‘ನಂದೇನು ತೆಗೀತೀಯ, ಹೋಗೋ’ ಎಂದು ಸೆರಗು ಅಡ್ಡ ಹಿಡಿಯುತ್ತಿದ್ದಳು. ಕಡೆಗೆ ಯಾರದೋ ಮದುವೆಯ ಗುಂಪು ಫೋಟೋದಲ್ಲಿ ಮೂರನೇ ಸಾಲಿನಿಂದ ಆಕೆಯ ಮುಖವನ್ನು ಕತ್ತರಿಸಿ ತೆಗೆಯುತ್ತಾರೆ. ಹೆಗಲ ಮೇಲೆ ಬೇರೊಬ್ಬರ ಕೈಯ ನಾಲ್ಕು ಬೆರಳು ಹಾಗೇ ಉಳಿದಿರುತ್ತವೆ.

ಅದಕ್ಕೂ ಹಿಂದಿನ ತಲೆಮಾರಿನ ಹೆಂಗಸರ ಪಾಡು ಇನ್ನೂ ಕಷ್ಟ. ಮದುವೆಯಲ್ಲೊಂದು ಫೋಟೋ, ಆಮೇಲೆ ನೇರ ರೇಷನ್ ಕಾರ್ಡಿಗೊಂದು. 1993ರಲ್ಲಿ ಚುನಾವಣಾ ಆಯೋಗ ಭಾವಚಿತ್ರವಿರುವ ಗುರುತಿನ ಚೀಟಿ ಕೊಡಬೇಕೆಂದು ಹೊರಟಿತಲ್ಲ, ಎಷ್ಟೋ ಹಳ್ಳಿಯ ಅಜ್ಜಿಯರು ಒಬ್ಬರೇ ಕ್ಯಾಮೆರಾದ ಎದುರು ಕೂತದ್ದು ಆಗಲೇ. ಫ್ಲ್ಯಾಷ್‌ಗೆ ಬೆಚ್ಚಿದ ಆ ಕಣ್ಣುಗಳೇ ಇವತ್ತು ನಡುಮನೆಯ ಗೋಡೆಯಿಂದ ನಮ್ಮನ್ನು ನೋಡುತ್ತಿವೆ. ಅದೂ ಇಲ್ಲದವರಿಗೆ ಹೆಣ ಕೂರಿಸಿ ತೆಗೆದ ಕಡೆಯ ಫೋಟೋವೇ ಗತಿ. ಮುಚ್ಚಿದ ರೆಪ್ಪೆಯ ಮೇಲೆ ಸ್ಟುಡಿಯೋದವರು ಕಣ್ಣು ಬರೆದುಕೊಟ್ಟದ್ದೂ ಉಂಟು.

ಸ್ಟುಡಿಯೋದವರನ್ನು ದೂರುವ ಹಾಗಿಲ್ಲ, ಅವರಿಗೆ ಸಿಕ್ಕುವುದೇ ಇಷ್ಟು. ‘ತಲೆ ಕ್ಲಿಯರ್ ಇದ್ರೆ ಸಾಕು ಸಾರ್, ಬಾಡಿ ನಾವು ಹಾಕ್ತೀವಿ’ ಅನ್ನುತ್ತಾನೆ ಕಂಪ್ಯೂಟರ್ ಮುಂದೆ ಕೂತ ಹುಡುಗ. ಅವನ ಹತ್ತಿರ ಕೋಟು-ಟೈಗಳ ಒಂದು ಫೋಲ್ಡರ್ ಇದೆ, ರೇಷ್ಮೆ ಸೀರೆಗಳ ಇನ್ನೊಂದು. ಬದುಕಿಡೀ ಪಂಚೆ, ಬನೀನಿನಲ್ಲಿ ತೋಟ ಸುತ್ತಿದ ಮನುಷ್ಯ ಹತ್ತು ನಿಮಿಷದಲ್ಲಿ ನೀಲಿ ಕೋಟು ತೊಟ್ಟು ಬ್ಯಾಂಕ್ ಮ್ಯಾನೇಜರ್ ಆಗುತ್ತಾನೆ. ಹಿಂದೆ ಮೋಡ ಬರುತ್ತದೆ, ತಲೆಯ ಸುತ್ತ ಪ್ರಭಾವಳಿ ಬರುತ್ತದೆ. ‘ಗಲ್ಲದ ಮೇಲಿನ ಮಚ್ಚೆ ತೆಗೀಲಾ ಮೇಡಂ?’ ಎಂದು ಆತ ಕೇಳಿದಾಗ, ನಿದ್ದೆಗೆಟ್ಟ ಮಗಳು ಹೂಂ ಅಂದುಬಿಡುತ್ತಾಳೆ. ಚಿಕ್ಕವಳಿದ್ದಾಗ ಅಪ್ಪನ ತೊಡೆಯ ಮೇಲೆ ಕೂತು ಬೆರಳಿನಿಂದ ಒತ್ತಿ ಒತ್ತಿ ಆಡಿದ ಮಚ್ಚೆ ಅದು.

ಇದೇನೂ ಕಂಪ್ಯೂಟರ್ ಬಂದ ಮೇಲೆ ಶುರುವಾದ ರೋಗವಲ್ಲ. ಹಿಂದೆ ಕಪ್ಪು-ಬಿಳುಪು ಚಿತ್ರಕ್ಕೆ ಕುಂಚ ಹಿಡಿದು ಬಣ್ಣ ಹಾಕುವವರಿದ್ದರು. ಇಲ್ಲದ ಜುಮುಕಿಯನ್ನೂ ಸೀರೆಯಂಚಿನ ಜರಿಯನ್ನೂ ಅವರೇ ಬರೆದು ಸೇರಿಸುತ್ತಿದ್ದರು. ಆದರೆ ಅಲ್ಲಿ ಮುಖಕ್ಕೆ ಅಷ್ಟಾಗಿ ಕೈಹಾಕುತ್ತಿರಲಿಲ್ಲ. ಈಗಿನ ಕೃತಕ ಬುದ್ಧಿಮತ್ತೆಯ ಆಪ್‌ಗಳು ಸತ್ತವರ ಒಂದೇ ಒಂದು ಚಿತ್ರ ಕೊಟ್ಟರೆ ಅವರು ಕಣ್ಣು ಮಿಟುಕಿಸುವಂತೆ, ಕತ್ತು ಹೊರಳಿಸಿ ನಗುವಂತೆ ಮಾಡಿಕೊಡುತ್ತವೆ. ನಗು ಯಾರದ್ದೋ! ನಮ್ಮಜ್ಜ ನಕ್ಕರೆ ಮೊದಲು ಹೊಟ್ಟೆ ಕುಣಿಯುತ್ತಿತ್ತು, ಆಮೇಲೆ ಮೀಸೆ. ಅದು ಆ ಯಂತ್ರಕ್ಕೆ ಹೇಗೆ ಗೊತ್ತಾಗಬೇಕು? ನೋಡಿದವರಿಗೆ ಸಮಾಧಾನವಾಗುವುದಾದರೆ ನೋಡಿಕೊಳ್ಳಲಿ, ನನಗಂತೂ ಕಸಿವಿಸಿಯಾಗುತ್ತದೆ.

ಯಾವುದೋ ಒಂದು ಫೋಟೋ ಇದ್ದರಾಯಿತು, ನೆನಪು ಮನಸ್ಸಿನಲ್ಲಿದೆಯಲ್ಲ ಎನ್ನುವವರಿದ್ದಾರೆ. ಮನಸ್ಸನ್ನು ಅಷ್ಟೊಂದು ನಂಬುವುದು ಕಷ್ಟ. ದಿನವೂ ಕಣ್ಣಿಗೆ ಬೀಳುವ ಚಿತ್ರ ಮೆಲ್ಲಗೆ ಒಳಗಿನ ಮುಖವನ್ನು ಒತ್ತರಿಸಿ ತಾನೇ ಅಲ್ಲಿ ಕೂತುಬಿಡುತ್ತದೆ. ಕಣ್ಣುಮುಚ್ಚಿ ಅಪ್ಪನನ್ನು ನೆನೆಸಿಕೊಂಡರೆ ಎದುರಿಗೆ ಬರುವವನು ಕೋಟಿನವನೇ. ಅಜ್ಜನನ್ನು ನೋಡದೇ ಹುಟ್ಟಿದ ಮೊಮ್ಮಕ್ಕಳಿಗಂತೂ ಬೇರೆ ಅಜ್ಜನೇ ಇಲ್ಲ. ಪತ್ರಿಕೆಯ ಶ್ರದ್ಧಾಂಜಲಿ ಪುಟ ನೋಡಿ: ವರ್ಷವರ್ಷವೂ ಅದೇ ಅಳತೆಯ ಚೌಕದಲ್ಲಿ ಅದೇ ಚಿತ್ರ. ತೀರಿಕೊಂಡವರ ವಯಸ್ಸು ಅಲ್ಲಿಗೇ ನಿಂತಿದೆ, ಕೆಳಗೆ ಹೆಸರಿರುವ ಮಕ್ಕಳು ಅವರನ್ನು ದಾಟಿ ಮುದುಕರಾಗುತ್ತಿದ್ದಾರೆ. ಅಷ್ಟು ವರ್ಷ ಬಾಳಬೇಕಾದ ಚಿತ್ರವನ್ನು ನಾವು ಆರಿಸುವುದು ಮಾತ್ರ ಹದಿನೈದು ನಿಮಿಷದಲ್ಲಿ, ಅದೂ ತಲೆ ನೆಟ್ಟಗಿಲ್ಲದ ಹೊತ್ತಿನಲ್ಲಿ.

ಹಾಗಾದರೆ ಎಂಥದ್ದನ್ನು ಆರಿಸಬೇಕು? ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಒಂದು ಕಲ್ಲಿದೆ. ಮದ್ದೂರು ತಾಲ್ಲೂಕಿನ ಆತಕೂರಿನಿಂದ ಬಂದದ್ದು, 949–50ರ ಕಾಲದ್ದು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲರತನಿಗೆ ಅರಸ, ಬೇಕಾದ್ದು ಕೇಳು ಎಂದನಂತೆ. ಅವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ, ಕಾಳಿ ಎಂಬ ಬೇಟೆನಾಯಿಯನ್ನು ಕೇಳಿ ಪಡೆದ. ಮುಂದೆ ಆ ನಾಯಿ ಕಾಡುಹಂದಿಯೊಂದರ ಮೇಲೆ ಬಿದ್ದು, ಎರಡೂ ಒಂದನ್ನೊಂದು ಕೊಂದುಕೊಂಡು ಸತ್ತವು. ಮಣಲರತ ದೇವಾಲಯದ ಮುಂದೆ ಅದಕ್ಕೆ ಕಲ್ಲು ನಿಲ್ಲಿಸಿದ, ಪೂಜೆಗೆ ಭೂಮಿ ಬಿಟ್ಟ. ಕಲ್ಲಿನ ಮೇಲೆ ನಾಯಿ ನೆಟ್ಟಗೆ ಕೂತು ನಮ್ಮ ಕಡೆ ನೋಡುತ್ತಿಲ್ಲ. ಹಂದಿಯ ಮೇಲೆರಗಿದೆ. ನಮ್ಮ ನಾಡಿನ ವೀರಗಲ್ಲುಗಳೆಲ್ಲ ಹೀಗೇ. ಮೂಗು ಉದ್ದವೋ ಮೊಂಡೋ, ಬಣ್ಣ ಕಪ್ಪೋ ಕೆಂಪೋ ಎಂಬುದು ಅವುಗಳಿಗೆ ಬೇಕಿಲ್ಲ. ಈ ಮನುಷ್ಯ ಹಸು ಬಿಡಿಸಲು ಹೋಗಿ ಬಿದ್ದ, ಈತ ಹುಲಿಗೆ ಎದುರು ನಿಂತ ಎನ್ನುವುದನ್ನು ಕೆಳಗಿನ ಪಟ್ಟಿಕೆಯಲ್ಲಿ ಕಡೆದು, ಆಮೇಲಷ್ಟೇ ಅವನನ್ನು ಅಪ್ಸರೆಯರ ಜೊತೆ ಮೇಲಕ್ಕೆ ಕಳಿಸುತ್ತಾರೆ. ಹತ್ತು ಶತಮಾನ ಕಳೆದರೂ ಕಾಳಿ ನಮಗೆ ಕಾಳಿಯಾಗಿಯೇ ಸಿಗುತ್ತದೆ.

ಮಹಾಲಯ ಅಮಾವಾಸ್ಯೆಯ ಎಡೆಯಲ್ಲಿಯೂ ಇದೇ ಬುದ್ಧಿ ಇದೆ. ಹಳೇ ಮೈಸೂರಿನ ಕಡೆ ಹಿರಿಯರ ಹಬ್ಬಕ್ಕೆ ಫೋಟೋದ ಮುಂದೆ ಹೊಸ ಬಟ್ಟೆ ಮಡಚಿಟ್ಟು, ಬಾಳೆಲೆಯಲ್ಲಿ ಅವರವರಿಗೆ ಇಷ್ಟವಾದದ್ದನ್ನೇ ಬಡಿಸುತ್ತಾರೆ. ಒಬ್ಬರಿಗೆ ಕಜ್ಜಾಯ, ಒಬ್ಬರಿಗೆ ಬಾಡೂಟ, ಪಕ್ಕದಲ್ಲಿ ಎಲೆ ಅಡಿಕೆ. ಒಂದು ಬೀಡಿ ಕಟ್ಟು, ಬೆಂಕಿಪೊಟ್ಟಣ ಇದ್ದರೂ ಯಾರೂ ಮುಖ ಸಿಂಡರಿಸುವುದಿಲ್ಲ. ಗೋಡೆಯ ಮೇಲಿನ ಕೋಟಿನವನು ಬೀಡಿ ಸೇದುವವನಂತೆ ಕಾಣುವುದೇ ಇಲ್ಲ. ಎಡೆಗೆ ಗೊತ್ತಿರುವ ಮನುಷ್ಯನನ್ನು ಫೋಟೋ ಕಂಡೇ ಇಲ್ಲ.

ಪರಿಚಯದ ಮನೆಯೊಂದರಲ್ಲಿ ತಾಯಿ ತೀರಿಕೊಂಡಾಗ ಮಗಳು ಒಂದು ಚಿತ್ರ ಹುಡುಕಿ ತೆಗೆದಳು. ಈಳಿಗೆಮಣೆಯ ಮೇಲೆ ಕೂತ ಅಮ್ಮ, ಮುಂದೆ ಮೊರದ ತುಂಬ ಅವರೆಕಾಯಿ, ಮಾಸಿದ ನೈಟಿ, ಹೆಗಲಿಗೊಂದು ಟವೆಲ್ಲು. ಯಾರನ್ನೋ ಬೈಯುತ್ತ ಕತ್ತೆತ್ತಿದ್ದಾರೆ, ಬಾಯಿ ಅರ್ಧ ತೆರೆದಿದೆ. ನೋಡಿದವರಿಗೆ ದನಿಯೇ ಕೇಳಿಸುವಂತಿದೆ. ಅಣ್ಣ ಹೌಹಾರಿದ. ‘ನೈಟಿ ಫೋಟೋನಾ? ಬಂದೋರು ಏನಂದ್ಕೋತಾರೆ?’ ವಾದ ಎರಡು ದಿನ ನಡೆಯಿತು. ಕಡೆಗೆ ಹಾಲ್‌ನಲ್ಲಿ ರೇಷ್ಮೆ ಸೀರೆಯದು, ಅಡುಗೆಮನೆಯ ಫ್ರಿಜ್ ಮೇಲೆ ನೈಟಿಯದು ಎಂದು ರಾಜಿಯಾಯಿತು. ಈಗ ಅಣ್ಣನೂ ತಂಗಿಯ ಮನೆಗೆ ಬಂದರೆ ಹಾಲ್‌ನಲ್ಲಿ ಕೂರುವುದಿಲ್ಲ, ಸೀದಾ ಅಡುಗೆಮನೆಗೆ ಹೋಗಿ ನೀರು ಕೇಳುತ್ತಾನೆ.

ಮುಖ ಆರಿಸಿದ ಮೇಲೆ ಅದನ್ನು ಯಾವುದರ ಮೇಲೆ ಹಾಕಿಸುವುದು ಎಂಬುದು ಈ ಕಾಲದ ಹೊಸ ತಲೆಬಿಸಿ. ಕಾಫಿ ಮಗ್, ದಿಂಬು, ಗೋಡೆ ಗಡಿಯಾರ, ಕೀ ಚೈನ್, ಲೇಸರಿನಿಂದ ಗಾಜಿನ ಗಟ್ಟಿಯೊಳಗೆ ಕೊರೆದ ಮುಖ, ಎಲ್ಲವೂ ಸಿಗುತ್ತವೆ. ಈ ಪಟ್ಟಿ ಮಾಡಿದವರಿಗೆ ಎಂಜಲು, ಮುಸುರೆ ಗೊತ್ತಿದ್ದಂತಿಲ್ಲ. ಅಪ್ಪನ ಮುಖವಿರುವ ಮಗ್ಗಿಗೆ ತುಟಿ ಹಚ್ಚಿ ಕಾಫಿ ಕುಡಿದು, ಸಿಂಕಿನಲ್ಲಿ ಸಾರಿನ ಪಾತ್ರೆಯ ಕೆಳಗೆ ಹಾಕಿ, ಸ್ಕ್ರಬ್ಬರಿನಿಂದ ಉಜ್ಜುವುದು ನಮ್ಮಲ್ಲಿ ಎಷ್ಟು ಜನರಿಂದಾದೀತು? ಹಾಗೆಂದು ಶೋಕೇಸಿನಲ್ಲಿಟ್ಟರೆ ಅದು ಮಗ್ ಆಗಿ ಬಂದು ಏನಾಯಿತು? ದಿಂಬಂತೂ ಬೇಡವೇ ಬೇಡ. ನಿದ್ದೆಯಲ್ಲಿ ಯಾರ ಕಾಲು ಎಲ್ಲಿರುತ್ತದೋ! ಕೀ ಚೈನ್ ಪರವಾಗಿಲ್ಲ, ಕೈಯಲ್ಲೇ ಓಡಾಡುತ್ತದೆ. ಕತ್ತಿನ ಸರಕ್ಕೆ ಲಾಕೆಟ್ಟಾದರೆ ಇನ್ನೂ ಚೆನ್ನ. ಎಲ್ಲಕ್ಕಿಂತ ನನಗೆ ಹಿಡಿಸುವುದು ಚಿತ್ರದ ಜೊತೆ ಅವರ ಕೈಬರಹವನ್ನೂ ಕಟ್ಟು ಹಾಕಿಸುವುದು. ಹಾಲಿನ ಲೆಕ್ಕವಾದರೂ ಸರಿ, ಮೆಂತ್ಯದ ಹಿಟ್ಟಿನ ಅಳತೆ ಬರೆದ ಚೀಟಿಯಾದರೂ ಸರಿ. ಬರಹ ಬಾರದವರ ಮನೆಯಲ್ಲಿ ಸೀರೆ ಇರುತ್ತದೆ. ಉತ್ತರ ಕರ್ನಾಟಕದವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ, ಅಜ್ಜಿಯ ಹಳೇ ಸೀರೆಗಳು ಕೌದಿಯಾಗಿ ಮೊಮ್ಮಕ್ಕಳ ಮೈಮೇಲೇ ಇರುತ್ತವೆ.

ಕಟ್ಟು ಹಾಕಿಸುವಾಗ ಒಂದೆರಡು ವಿಷಯ ಅಂಗಡಿಯವನಿಗೆ ನಾವೇ ಹೇಳಬೇಕಾಗುತ್ತದೆ. ಫೋಟೋ ನೇರ ಗಾಜಿಗೆ ತಾಗಬಾರದು, ನಡುವೆ ಮೌಂಟ್ ಬೋರ್ಡ್ ಕೊಡಿಸಿ. ಮಳೆಗಾಲದ ಥಂಡಿಗೆ ಫೋಟೋದ ಮೇಲ್ಪದರ ಅಂಟಂಟಾಗಿ ಗಾಜಿಗೆ ಹಿಡಿದುಕೊಳ್ಳುತ್ತದೆ. ಮಲೆನಾಡು, ಕರಾವಳಿಯ ಮನೆಗಳಲ್ಲಿ ಅರ್ಧ ಮುಖ ಗಾಜಿಗೇ ಅಂಟಿದ ಅಜ್ಜಂದಿರು ಬೇಕಾದಷ್ಟು ಜನ ಇದ್ದಾರೆ. ಆಗಲೇ ಅಂಟಿದ್ದರೆ ಕೀಳಲು ಹೋಗದೆ ಗಾಜಿನ ಸಮೇತ ಸ್ಕ್ಯಾನ್ ಮಾಡಿಸಿಬಿಡುವುದು ಲೇಸು. ಬಿಸಿಲು ಬೀಳುವ ಗೋಡೆ ಬೇಡ. ಎಪ್ಪತ್ತು ಎಂಬತ್ತರ ದಶಕದ ಬಣ್ಣದ ಫೋಟೋಗಳು ಕೆಂಪಡರಿರುವುದನ್ನು ನೋಡಿರಬಹುದು, ಅದರ ನೀಲಿ-ಹಸಿರು ಬಣ್ಣ ಮೊದಲು ಮಾಸಿಹೋಗುತ್ತದೆ. ಅದಕ್ಕೂ ಹಿಂದಿನ ತಲೆಮಾರಿನ ಕಪ್ಪು-ಬಿಳುಪು ಚಿತ್ರ ಅದಕ್ಕಿಂತ ಗಟ್ಟಿಯಾಗಿ ಉಳಿದಿರುತ್ತದೆ, ಅದರಲ್ಲಿರುವುದು ಬೆಳ್ಳಿಯ ಕಣ. ಎಂಟು ಹತ್ತು ಇಂಚಿನ ಚಿತ್ರ ಚೊಕ್ಕವಾಗಿ ಬರಬೇಕಾದರೆ 2400ಕ್ಕೆ 3000 ಪಿಕ್ಸೆಲ್ ಬೇಕು. ವಾಟ್ಸಾಪಿನಲ್ಲಿ ನಾಲ್ಕು ಕೈ ದಾಟಿ ಬಂದದ್ದು ಅಷ್ಟರಲ್ಲಿ ಸೊರಗಿರುತ್ತದೆ, ತೆಗೆದವರಿಂದಲೇ ಡಾಕ್ಯುಮೆಂಟ್ ಆಗಿ ತರಿಸಿಕೊಳ್ಳಿ. ಹಿಂಬದಿಯಲ್ಲಿ ಮೆತ್ತನೆ ಪೆನ್ಸಿಲಿನಿಂದ ಹೆಸರು, ಊರು, ಇಸವಿ ಬರೆದಿಡಿ. ಇನ್ನೆರಡು ತಲೆಮಾರು ಕಳೆದರೆ ‘ಇವರು ಯಾರ ಕಡೆಯವರು?’ ಎಂದು ಕೇಳಲೂ ಯಾರೂ ಇರುವುದಿಲ್ಲ.

ಇಷ್ಟೆಲ್ಲ ಹೇಳುವ ನಾನು ಒಬ್ಬರ ಮುಂದೆ ಮಾತ್ರ ಬಾಯಿ ಮುಚ್ಚಬೇಕಾಯಿತು. ನಮ್ಮ ದೊಡ್ಡಮ್ಮನಿಗೆ ಎಂಬತ್ತು ದಾಟಿದೆ. ಅವರು ಮಹಡಿಯ ಮೇಲೆ ಹಪ್ಪಳ ಒಣಗಿಸುತ್ತ, ಕಾಗೆ ಓಡಿಸುವ ಕೋಲು ಹಿಡಿದು ನಕ್ಕ ಒಂದು ಚಿತ್ರ ನನ್ನ ಫೋನಿನಲ್ಲಿದೆ. ಎಷ್ಟು ಚೆನ್ನಾಗಿದೆ ನೋಡಿ ಎಂದು ತೋರಿಸಿದೆ. ಕನ್ನಡಕ ಏರಿಸಿ ನೋಡಿದರು.

‘ಹಲ್ಲುಸೆಟ್ ಹಾಕಿಲ್ಲವಲ್ಲೋ ಇದರಲ್ಲಿ! ನನ್ನ ಫೋಟೋ ರೆಡಿ ಇದೆ ಕಣೋ. ಟ್ರಂಕಿನಲ್ಲಿ ಕ್ಯಾಲೆಂಡರ್ ಹಾಳೆ ಸುತ್ತಿ ಇಟ್ಟಿದೀನಿ. ಅದನ್ನೇ ಹಾಕಬೇಕು, ಹೇಳಿರ್ತೀನಿ.’

ತೆಗೆದು ತೋರಿಸಿದರು. ತಾವೇ ಆಟೋ ಮಾಡಿಕೊಂಡು ಸ್ಟುಡಿಯೋಕ್ಕೆ ಹೋಗಿ ತೆಗೆಸಿಕೊಂಡದ್ದಂತೆ. ಮೆರೂನ್ ಬಣ್ಣದ ಸೀರೆ, ಎರಡೆಳೆ ಸರ, ಕುರ್ಚಿಯ ಹಿಡಿಯ ಮೇಲೆ ಕೈ, ಕಲ್ಲು ಕೂತ ಹಾಗೆ ಕೂತಿದ್ದಾರೆ. ಇದರಲ್ಲಿ ನೀವು ನೀವೇ ಅನಿಸುವುದಿಲ್ಲ, ಹಪ್ಪಳದ್ದರಲ್ಲಿ ಅನಿಸುತ್ತೀರಿ ಎಂದೆ.

‘ಹಪ್ಪಳ ಮಾಡ್ತಿದ್ದೆ ಅಂತ ತಿಂದ ನಿಮಗೆ ಗೊತ್ತು. ಅದಕ್ಕೆ ಫೋಟೋ ಯಾಕೆ ಬೇಕು? ಬಂದವರಿಗೆ ನಾನು ಹೀಗೂ ಕೂತ್ಕೋತಿದ್ದೆ ಅಂತ ಗೊತ್ತಾಗಲಿ.’

ಒಂದು ಹೊತ್ತು ಸುಮ್ಮನೆ ಕುರ್ಚಿಯಲ್ಲಿ ಕೂತದ್ದನ್ನು ನಾವ್ಯಾರೂ ನೋಡಿರದ ಹೆಂಗಸು ಈ ಮಾತು ಹೇಳಿದರೆ ಎದುರಾಡುವುದು ಹೇಗೆ? ಕಟ್ಟು ಹಾಕಿಸಲು ಎಷ್ಟಾಗುತ್ತದೆ ಎಂದು ಅಂಗಡಿಯಲ್ಲಿ ವಿಚಾರಿಸಿಕೊಂಡು ಬರುವ ಕೆಲಸವನ್ನೂ ನನಗೇ ಹಚ್ಚಿದರು. ಗಂಧದ ಚಕ್ಕೆಯ ಹಾರ ಮಾತ್ರ ಬೇಡವಂತೆ. ಅದರ ಮೇಲೆ ಧೂಳು ಕೂರುತ್ತದೆ, ಒರೆಸುವವರು ಯಾರು ಎಂದು ಕೇಳಿದರು.