ಪ್ಯಾನೆಲಿನ ಹಿಂದಿನ ಗೋಡೆ

ಇಂದಿನ ಚಿಂತನೆ: ನಾಲ್ಕನೆಯ ಶೀಲ

ಧಮ್ಮ ಬಂಧುಗಳೇ,

ಸುಳ್ಳು ಹೇಳುವುದಿಲ್ಲ ಎಂದು ನಾವು ಶೀಲ ತೆಗೆದುಕೊಳ್ಳುತ್ತೇವೆ. ಬಾಯಿಂದ ಏನೂ ಹೇಳದೆ ಸುಮ್ಮನೆ ಮುಚ್ಚಿಟ್ಟರೆ ಅದೂ ಸುಳ್ಳೇ? ಈ ಪ್ರಶ್ನೆ ನನಗೆ ಎದುರಾದದ್ದು ಧ್ಯಾನಕ್ಕೆ ಕೂತಾಗ ಅಲ್ಲ, ಕಂಪ್ಯೂಟರ್ ಮುಂದೆ.

ನಾನು ಸಾಗರದಲ್ಲಿ ಮನೆ, ಅಂಗಡಿಗಳ ನಕ್ಷೆ ಮಾಡುವವನು. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಹಳೆ ಮನೆಯನ್ನು ಹೋಂಸ್ಟೇ ಮಾಡುವವರು, ಅಂಗಡಿಗೆ ಹೊಸ ಮುಖ ಬೇಕೆನ್ನುವವರು ಗೋಡೆಗೆ ಪ್ಯಾನೆಲ್ ಹೊದಿಸುತ್ತಾರೆ. ಗೋಡೆಯ ಫೋಟೋವನ್ನು ಆಟೋಕ್ಯಾಡಿಗೆ ತಂದು, ಬಾಗಿಲ ಅಗಲದಂಥ ಗೊತ್ತಿರುವ ಒಂದು ಅಳತೆಗೆ ಅದನ್ನು ಹೊಂದಿಸಿ, ಅಂಚು, ಕಿಟಕಿ, ಸೂರುಗಳ ಮೇಲೆ ಗೆರೆ ಎಳೆಯುತ್ತೇನೆ. ಆ ಗೆರೆಗಳ ಮೇಲೆ 1220ಕ್ಕೆ 2440 ಮಿಲಿಮೀಟರಿನ ಶೀಟುಗಳನ್ನು ಕೂರಿಸಿದರೆ ಎಷ್ಟು ಶೀಟು ಬೇಕು, ಎಲ್ಲಿ ಕತ್ತರಿಸಬೇಕು ಎಂಬ ಲೆಕ್ಕ ಸಿಗುತ್ತದೆ.

ಈ ಕೆಲಸ ಕಲಿಸಿದ ಮೊದಲ ಪಾಠ, ಫೋಟೋವನ್ನು ನಂಬಬಾರದು ಎಂಬುದು. ಅಂಗಳದಲ್ಲಿ ನಿಂತು ಮೊಬೈಲನ್ನು ಮೇಲಕ್ಕೆತ್ತಿ ತೆಗೆದರೆ ಗೋಡೆ ಮೇಲೆ ಹೋದಂತೆ ಕಿರಿದಾಗಿ ಕಾಣುತ್ತದೆ. ಕಂಡಂತೆಯೇ ಗೆರೆ ಎಳೆದರೆ ಮೇಲಿನ ಸಾಲಿನ ಶೀಟುಗಳೆಲ್ಲ ಗಿಡ್ಡವಾಗುತ್ತವೆ. ಆದ್ದರಿಂದ ಟೇಪು ಹಿಡಿದು ಸ್ಥಳಕ್ಕೆ ಹೋಗಲೇಬೇಕು.

ಕಳೆದ ವರ್ಷ ಮಳೆಗಾಲದ ಮುಂಚೆ ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳೆ ಮನೆಗೆ ಹಾಗೆಯೇ ಹೋದೆ. ಫೋಟೋದಲ್ಲಿ ಕಿಟಕಿ ಮೂಲೆಯಿಂದ ಕೆಳಕ್ಕೆ ಓರೆಯಾಗಿ ಇಳಿದಿದ್ದ ಗೆರೆಯನ್ನು ಕರೆಂಟ್ ತಂತಿಯ ನೆರಳು ಅಂದುಕೊಂಡಿದ್ದೆ. ಹೋಗಿ ನೋಡಿದರೆ ಬಿರುಕು. ಕಿರುಬೆರಳು ಹೋಗುವಷ್ಟು ಅಗಲ, ಸುತ್ತ ತೇವ. ಯಜಮಾನರು ಹೇಳಿದರು: “ಪ್ಯಾನೆಲ್ ಕೂತ ಮೇಲೆ ಅದು ಯಾರಿಗೆ ಕಾಣುತ್ತೆ ಮಾರಾಯ್ರೆ? ಅದನ್ನೊಂದು ನಕ್ಷೆಯಲ್ಲಿ ತೋರಿಸ್ಬೇಡಿ.” ಆ ನಕ್ಷೆ ಹೋಗಬೇಕಾಗಿದ್ದುದು ಮನೆಯನ್ನು ಲೀಸಿಗೆ ಹಿಡಿಯುವವರ ಕೈಗೆ.

ನಾನು ಬಿರುಕನ್ನು ಕೆಂಪು ಗೆರೆಯಲ್ಲಿ ಎಳೆದು, ಅಗಲ ಬರೆದು, ‘ಮೊದಲು ಗೋಡೆ ರಿಪೇರಿ’ ಎಂದು ಸೇರಿಸಿದೆ. ಕೆಲಸ ಬೇರೆಯವರ ಪಾಲಾಯಿತು. ಬೇಸರವಾಗಲಿಲ್ಲ, ಸ್ವಲ್ಪ ಹೆಮ್ಮೆಯೇ ಆಯಿತು.

ಆ ಹೆಮ್ಮೆ ಹೆಚ್ಚು ದಿನ ಉಳಿಯಲಿಲ್ಲ. ಅಂದು ಬೀಳ್ಕೊಡುವಾಗ ಆ ಯಜಮಾನರು “ನಿಮ್ಮದು ಯಾವ ಊರಾಯ್ತು, ಯಾವ ಪೈಕಿ?” ಎಂದು ಕೇಳಿದ್ದರು. ನಾನು ಸಾಗರದ ಬಾಡಿಗೆ ಮನೆಯ ಬೀದಿಯ ಹೆಸರು ಹೇಳಿ ಮಾತು ತೇಲಿಸಿದ್ದೆ. ಅದು ನನ್ನ ಮಾಮೂಲಿ ಉತ್ತರ. ಆಫೀಸಿನ ರೂಮು ಬಾಡಿಗೆಗೆ ಹಿಡಿದಾಗಲೂ ಹಾಗೆಯೇ ತೇಲಿಸಿದ್ದೆ. ಬಾಬಾಸಾಹೇಬರ ಫೋಟೋ ಮನೆಯ ಗೋಡೆಯಲ್ಲಿದೆ, ಆಫೀಸಿನ ಗೋಡೆಯಲ್ಲಿಲ್ಲ. ಇನ್ನೊಬ್ಬರ ಬಿರುಕು ತೋರಿಸಿ ಬಂದ ನಾನೇ ನನ್ನ ಮೇಲೊಂದು ಪ್ಯಾನೆಲ್ ಹೊದ್ದು ಕೂತಿದ್ದೆ.

ಎರಡೂ ಒಂದೇ ತೂಕದ ತಪ್ಪೇ?

1917ರಲ್ಲಿ, ವಿದೇಶದಲ್ಲಿ ಓದಿ ಬಂದ ಬಾಬಾಸಾಹೇಬರು ಬರೋಡಾ ಸಂಸ್ಥಾನದ ನೌಕರಿಗೆ ಹೋದಾಗ ಉಳಿಯಲು ಜಾಗ ಸಿಗಲಿಲ್ಲ. ಪಾರ್ಸಿ ವಸತಿಗೃಹವೊಂದರಲ್ಲಿ ಪಾರ್ಸಿ ಹೆಸರು ಬರೆಸಿ ಉಳಿದರು. ಕೆಲವೇ ದಿನಗಳಲ್ಲಿ ಕೋಲು ಹಿಡಿದ ಗುಂಪು ಬಂದು ಅವರನ್ನು ಹೊರಡಿಸಿತು. ಅವರನ್ನು ಸುಳ್ಳುಗಾರ ಎನ್ನಲು ಯಾರಿಗೆ ಬಾಯಿ ಬಂದೀತು? ಆದರೆ ಇನ್ನೊಂದನ್ನೂ ಗಮನಿಸಬೇಕು. ಮುಂದೆ ‘ವೇಟಿಂಗ್ ಫಾರ್ ಎ ವೀಸಾ’ದಲ್ಲಿ ಆ ಹೆಸರಿನ ಸಂಗತಿಯನ್ನೂ ಬಿಡದೆ ಎಲ್ಲವನ್ನೂ ಅವರೇ ಬರೆದಿಟ್ಟರು.

ಭಗವಾನ್ ಬುದ್ಧರು ಅಂಬಲಟ್ಠಿಕೆಯಲ್ಲಿ ರಾಹುಲನಿಗೆ ಸುಳ್ಳಿನ ಬಗ್ಗೆಯೇ ಉಪದೇಶ ಮಾಡುತ್ತಾ ಕನ್ನಡಿಯ ಮಾತು ತೆಗೆಯುತ್ತಾರೆ. ಕನ್ನಡಿ ಇರುವುದು ನೋಡಿಕೊಳ್ಳಲು. ಹಾಗೆಯೇ ಒಂದು ಕೆಲಸವನ್ನು ಮಾಡುವ ಮುಂಚೆ, ಮಾಡುವಾಗ, ಮಾಡಿದ ಮೇಲೆ ನೋಡಿಕೊಳ್ಳಬೇಕು. ಇದರಿಂದ ನನಗೆ ನೋವೇ, ಪರರಿಗೆ ನೋವೇ, ಇಬ್ಬರಿಗೂ ನೋವೇ?

ಈ ಕನ್ನಡಿಯಲ್ಲಿ ನೋಡಿದರೆ ವ್ಯತ್ಯಾಸ ಕಾಣುತ್ತದೆ. ಗೋಡೆಯ ಬಿರುಕು ಮುಚ್ಚಿದರೆ ಅದರ ಕೆಳಗೆ ಮಲಗುವವರ ಜೀವಕ್ಕೆ ಅಪಾಯ. ನನ್ನ ಜಾತಿ ತಿಳಿಯದಿದ್ದರೆ ಬಾಡಿಗೆ ಕೊಟ್ಟವರಿಗೆ ಒಂದು ರೂಪಾಯಿಯೂ ನಷ್ಟವಿಲ್ಲ. ಇನ್ನೂ ಒಂದು ಮಾತು: ಹುಟ್ಟು ನನ್ನ ಗೋಡೆಯ ಬಿರುಕಲ್ಲ. ಬಿರುಕು ಇರುವುದು ಕೇಳುವವರ ಮನಸ್ಸಿನಲ್ಲಿ.

ನಮ್ಮ ಮಲೆನಾಡಲ್ಲಿ ಮಳೆಗಾಲಕ್ಕೆ ಮಣ್ಣಿನ ಗೋಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ಅದು ಮೋಸವಲ್ಲ, ಇರಸಲಿನಿಂದ ರಕ್ಷಣೆ. ನನ್ನ ಮೌನವೂ ಅಂಥ ತಟ್ಟಿಯೇ ಎಂದು ಸಮಾಧಾನ ಮಾಡಿಕೊಂಡೆ. ಆದರೆ ಮಳೆ ಬಿಟ್ಟ ಮೇಲೆ ತಟ್ಟಿ ಬಿಚ್ಚಬೇಕು. ಬಿಚ್ಚದಿದ್ದರೆ ಗಾಳಿಯಾಡದೆ ಗೋಡೆಯೇ ಹಾಳಾಗುತ್ತದೆ.

ಹಾಳಾಗುತ್ತಿರುವುದು ನನಗೆ ತಿಳಿದದ್ದು ಹೀಗೆ. ನನ್ನ ಜೊತೆ ಎರಡು ವರ್ಷದಿಂದ ಹೊಸನಗರ ಕಡೆಯ ಒಬ್ಬ ಹುಡುಗ ಕೆಲಸ ಕಲಿಯುತ್ತಿದ್ದಾನೆ. ಏಪ್ರಿಲ್ 14ರ ಮೆರವಣಿಗೆಯಲ್ಲಿ ಅವನು ನನಗೆ ಎದುರಾದ. ಇಬ್ಬರ ಕೈಯಲ್ಲೂ ನೀಲಿ ಬಾವುಟ. ನಾಚಿಕೊಂಡು ಅವನು ಹೇಳಿದ್ದು ಇಷ್ಟು: “ಅಣ್ಣಾ, ನಿಮಗೆ ಗೊತ್ತಾದ್ರೆ ಬಿಡಿಸ್ತೀರಿ ಅಂತ ನಾ ಹೇಳಿರ್ಲಿಲ್ಲ.”

ಒಂದೇ ಮೇಜಿನಲ್ಲಿ ಕೂತು ಎರಡು ವರ್ಷ ಅವನು ನನಗೆ ಹೆದರಿದ್ದ. ನನ್ನ ಮೌನದಿಂದ ಯಾರಿಗೂ ನೋವಿಲ್ಲ ಎಂದುಕೊಂಡಿದ್ದೆನಲ್ಲ, ಕನ್ನಡಿಯಲ್ಲಿ ಆ ಹುಡುಗನ ಮುಖ ಕಂಡಿತು.

ಹೊದಿಕೆಯೇ ತಪ್ಪೆಂದಲ್ಲ. ಸನ್ನತಿಯ ಹತ್ತಿರ ಕನಗನಹಳ್ಳಿಯ ಸ್ತೂಪಕ್ಕೂ ಕೆತ್ತಿದ ಕಲ್ಲಿನ ಫಲಕಗಳ ಹೊದಿಕೆಯೇ ಇತ್ತು. ಅವುಗಳ ಮೇಲೆ ‘ರಾಯೋ ಅಸೋಕೋ’ ಎಂದು ಬ್ರಾಹ್ಮಿ ಲಿಪಿಯಲ್ಲಿ ಚಕ್ರವರ್ತಿಯ ಹೆಸರಿದೆ, ದಾನ ಕೊಟ್ಟವರ ಹೆಸರುಗಳೂ ಇವೆ. ನಮ್ಮ ಹಿರಿಯ ಉಪಾಸಕರು ತಮ್ಮ ಹೆಸರನ್ನು ಹೊದಿಕೆಯ ಒಳಗೆ ಅಡಗಿಸಲಿಲ್ಲ, ಅದರ ಮೇಲೇ ಕೆತ್ತಿಸಿದರು.

ಎಲ್ಲರೂ ಇವತ್ತೇ ತಟ್ಟಿ ಬಿಚ್ಚಿ ಎಂದು ನಾನು ಹೇಳಲಾರೆ. ಮಳೆ ನಿಂತಿದೆಯೋ ಇಲ್ಲವೋ ಎಂಬುದು ಅದರಲ್ಲಿ ನೆನೆಯುವವರಿಗೇ ಗೊತ್ತು. ನಾನು ಮಾತ್ರ ಬಾಬಾಸಾಹೇಬರ ಫೋಟೋವನ್ನು ಆಫೀಸಿಗೆ ತಂದೆ. ಮೊಳೆ ಹೊಡೆದವನು ಆ ಹುಡುಗ. ಬಾಡಿಗೆ ಕರಾರು ನವೀಕರಿಸುವ ತಿಂಗಳು ಇನ್ನೂ ಬಂದಿಲ್ಲ. ಏನಾಗುತ್ತದೋ ನೋಡೋಣ.

ಇಂದು ಒಂದು ಕ್ಷಣ ಕೂತು ಕೇಳಿಕೊಳ್ಳೋಣ: ನಾನು ಮುಚ್ಚಿಟ್ಟಿರುವುದರಿಂದ ಯಾರಿಗೆ ರಕ್ಷಣೆ, ಯಾರಿಗೆ ನೋವು?

ನಮೋ ಬುದ್ಧಾಯ. ಜೈ ಭೀಮ್.